ಮೂತ್ರಕೋಶಕ್ಕೆ ಬಿಸಿಜಿ, ವರ್ಷದ ಮೇಲೆ ಜ್ವರ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಹೊಟ್ಟೆಯ ಮಹಾಪಧಮನಿ ಉಬ್ಬಿದ್ದರಿಂದ 5 ವರ್ಷದ ಹಿಂದೆ ಗ್ರಾಫ್ಟ್ (ಕೃತಕ ರಕ್ತನಾಳ) ಹಾಕಿದ್ದಾರೆ. ಕಳೆದ ವರ್ಷ ಮೂತ್ರಕೋಶದ ಕ್ಯಾನ್ಸರ್ ಗಡ್ಡೆ ತೆಗೆದು, ಒಳಗೆ ಬಿಸಿಜಿ ಕೊಟ್ಟರು. ಎರಡು ತಿಂಗಳಿಂದ ಸಂಜೆಯಾದರೆ ಜ್ವರ, ಸೊಂಟನೋವು, ತೂಕವೂ ಇಳಿದಿದೆ. ರಕ್ತ, ಮೂತ್ರ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ. ಇದಕ್ಕೂ ಬಿಸಿಜಿಗೂ ಸಂಬಂಧವಿದೆಯೇ?
– ಹೆಸರು, ಊರು ಬೇಡ

ಉತ್ತರ: ಇರಬಹುದು. ತೀರಾ ಅಪರೂಪ, ಆದರೂ ಪರೀಕ್ಷಿಸದೆ ಬಿಡುವಂತಿಲ್ಲ.

ಬಿಸಿಜಿ ಎಂದರೆ ಹಸುಗೂಸುಗಳ ತೋಳಿಗೆ ಹಾಕುವ ಕ್ಷಯದ ಲಸಿಕೆಯೇ. ಇದರಲ್ಲಿ ದನಗಳಿಗೆ ಕ್ಷಯ ತರುವ ರೋಗಾಣುವನ್ನು ದುರ್ಬಲಗೊಳಿಸಿದ್ದಾರೆ, ಆದರೆ ಅದು ಜೀವಂತವಾಗಿರುತ್ತದೆ. ಮೂತ್ರಕೋಶದ ಕ್ಯಾನ್ಸರ್‌ಗೆ ಇದು ಫಲಕಾರಿ ಎಂದು 1976ರಲ್ಲಿ ಕೆನಡಾದ ಡಾ. ಅಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು ವರದಿ ಮಾಡಿದರು. ಸಾಮಾನ್ಯವಾಗಿ ಮೊದಲು ವಾರಕ್ಕೊಮ್ಮೆಯಂತೆ 6 ವಾರ ಕೊಡುತ್ತೇವೆ. ಉರಿಮೂತ್ರ, ಸಣ್ಣ ಜ್ವರ ಬಂದರೂ ಹೆಚ್ಚಿನವರಲ್ಲಿ ಒಂದೆರಡು ದಿನಕ್ಕೆ ಶಮನವಾಗುತ್ತದೆ.

ಎಲ್ಲೋ ಒಬ್ಬರಲ್ಲಿ ಈ ರೋಗಾಣು ರಕ್ತ ಸೇರಿ ಗ್ರಾಫ್ಟ್‌ನ ಮೇಲೆ ನೆಲೆಯೂರುತ್ತದೆ. ಕೃತಕ ವಸ್ತುವಿಗೆ ತನ್ನದೇ ರಕ್ತಸಂಚಾರವಿಲ್ಲ. ಅಲ್ಲಿ ಅಂಟಿಕೊಂಡದ್ದನ್ನು ಹೊರಹಾಕುವುದು ದೇಹಕ್ಕೆ ಕಷ್ಟ. ಲಕ್ಷಣ ಕಾಣಲು ತಿಂಗಳು, ವರ್ಷಗಳೇ ಹಿಡಿಯಬಹುದು. ಆ ಹೊತ್ತಿಗೆ ಬಿಸಿಜಿ ಪಡೆದದ್ದೇ ಮರೆತುಹೋಗಿರುತ್ತದೆ.

ಮಾಮೂಲಿ ಕಲ್ಚರ್‌ನಲ್ಲಿ ಈ ರೋಗಾಣು ಬೆಳೆಯುವುದಿಲ್ಲ. ವೈದ್ಯರು ಕ್ಷಯದ ಕಲ್ಚರ್ ಎಂದೇ ಬರೆದು ಕಳಿಸಬೇಕು. ಫಲಿತಾಂಶಕ್ಕೆ 6–8 ವಾರ ಬೇಕಾಗಬಹುದು. ಸಿಟಿ ಆಂಜಿಯೋಗ್ರಾಮ್, ಅಗತ್ಯವಿದ್ದರೆ ಪೆಟ್-ಸಿಟಿ ಮಾಡಿಸಿದರೆ ಗ್ರಾಫ್ಟ್‌ನ ಸುತ್ತ ಕೀವು, ಉರಿಯೂತ ಇದೆಯೇ ಎಂದು ತಿಳಿಯುತ್ತದೆ.

ಸೋಂಕು ಖಚಿತವಾದರೆ ಐಸೋನಿಯಾಜಿಡ್, ರಿಫಾಂಪಿಸಿನ್, ಎಥಾಂಬುಟಾಲ್‌ಗಳನ್ನು ಹಲವು ತಿಂಗಳು ಕೊಡಬೇಕಾಗುತ್ತದೆ. ಕ್ಷಯಕ್ಕೆ ಕೊಡುವ ಪೈರಜಿನಮೈಡ್ ಈ ರೋಗಾಣುವಿಗೆ ನಾಟುವುದಿಲ್ಲ. ಅನೇಕರಿಗೆ ಸೋಂಕಿತ ಗ್ರಾಫ್ಟ್ ತೆಗೆದು ಬೇರೆ ಹಾಕುವ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ತಂದೆಯವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ರಿಫಾಂಪಿಸಿನ್ ವಾರ್ಫರಿನ್‌ನ ಪರಿಣಾಮವನ್ನು ಕುಗ್ಗಿಸುತ್ತದೆ.

ಗ್ರಾಫ್ಟ್ ಇರುವವರೆಲ್ಲ ಬಿಸಿಜಿಗೆ ಹೆದರಬೇಕಿಲ್ಲ. ಕ್ಯಾನ್ಸರ್ ಮರುಕಳಿಸದಂತೆ ತಡೆಯುವಲ್ಲಿ ಅದರ ಉಪಕಾರ ದೊಡ್ಡದು. ಆದರೆ ಮೂತ್ರದಲ್ಲಿ ರಕ್ತ ಹೋಗುತ್ತಿದ್ದರೆ, ನಳಿಕೆ ಹಾಕುವಾಗ ಗಾಯವಾದರೆ ಆ ದಿನದ ಡೋಸ್ ಮುಂದೂಡಲೇಬೇಕು.

ಮೆಡಿಕಲ್ ಅಂಗಡಿಯ ಜ್ವರದ ಮಾತ್ರೆಯಲ್ಲಿ ದಿನ ದೂಡಬೇಡಿ. ಹಠಾತ್ ಹೊಟ್ಟೆ ಅಥವಾ ಬೆನ್ನುನೋವು, ತಲೆಸುತ್ತಿ ಬೀಳುವುದು, ರಕ್ತವಾಂತಿ, ಕಪ್ಪು ಮಲ ಕಂಡರೆ ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಅಂಥದ್ದೇನೂ ಇಲ್ಲದಿದ್ದರೂ ಎರಡೂ ಚಿಕಿತ್ಸೆಯ ಕಾಗದಗಳನ್ನು ಹಿಡಿದು ಈ ವಾರವೇ ಮೂತ್ರರೋಗ ತಜ್ಞರನ್ನೂ ರಕ್ತನಾಳ ತಜ್ಞರನ್ನೂ ಕಾಣಿ. “ಬಿಸಿಜಿ ಕೊಟ್ಟಿದ್ದಾರೆ, ಗ್ರಾಫ್ಟ್ ಇದೆ” ಎಂಬ ಎರಡು ಮಾತನ್ನು ನೋಡುವ ಪ್ರತಿ ವೈದ್ಯರಿಗೂ ತಪ್ಪದೆ ಹೇಳಿ.