ಗಣಿಯಲ್ಲಿ ಬರೆದದ್ದಷ್ಟೇ ನಡೆಯುತ್ತದೆ

ಗಣಿಗೆ ಹೆಂಗಸರು ಹೊಸಬರು ಎನ್ನುವವರು ಸಂಡೂರು, ಹೊಸಪೇಟೆ ಕಡೆಯವರಾಗಿರಲಾರರು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದ್ದ ಕಾಲದಲ್ಲಿ ಇಲ್ಲಿನ ಹೊಲಗಳಲ್ಲಿ ಮಣ್ಣು ಕೆದರಿ, ಕಲ್ಲು ಒಡೆದು, ಜರಡಿ ಹಿಡಿದವರಲ್ಲಿ ಹೆಂಗಸರು ಬಹಳ ಇದ್ದರು. ಯಂತ್ರ ಬಂದಂತೆ ಆ ಕೆಲಸ ಕರಗಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಉಳಿದದ್ದೂ ಹೋಯಿತು. ಗಣಿಗಳು ಮತ್ತೆ ತೆರೆದ ಮೇಲೆ, ಸುರತ್ಕಲ್‌ನಲ್ಲಿ ಮೈನಿಂಗ್ ಎಂಜಿನಿಯರಿಂಗ್ ಓದಿದ ನಾನು ಹೆಲ್ಮೆಟ್ ಹಾಕಿಕೊಂಡು ಅದೇ ಸೀಮೆಯ ಗುಡ್ಡ ಹತ್ತಿದೆ.

ಕೊಂಕುಮಾತಿಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಆದರೆ ನನ್ನನ್ನು ಹೆಚ್ಚು ಕಟ್ಟಿಹಾಕಿದ್ದು ಕಾಳಜಿ. “ಬಿಸಲಾಗ ನೀವ್ಯಾಕ ಬರ್ತೀರಿ ಮೇಡಂ, ಆಫೀಸಿನಾಗ ಕುಂದರ್ರಿ, ನಾವು ನೋಡ್ಕಂತೀವಿ” ಎನ್ನುತ್ತಿದ್ದರು ಹಿರಿಯ ಮೇಟ್ ಒಬ್ಬರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ಗಣಿ ಮ್ಯಾನೇಜರ್ ಆಗಬೇಕಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆ ಪಾಸಾಗಬೇಕು; ಅದಕ್ಕೆ ಕೂರಲು ಗಣಿಯಲ್ಲಿ ದುಡಿದ ಅನುಭವದ ಪತ್ರ ಬೇಕು. ಡ್ರಿಲ್ಲಿಂಗ್, ಬ್ಲಾಸ್ಟಿಂಗ್ ನೋಡದೆ ನೆರಳಲ್ಲಿ ಕೂತವಳಿಗೆ ಆ ಅನುಭವ ಎಲ್ಲಿಂದ ಬರಬೇಕು? ಅಂದಿನಿಂದ ಬೆಂಚಿನ (ಗಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತದ) ಮೇಲೆ ನಿಂತು ಮಾಡಿದ ಕೆಲಸವನ್ನೆಲ್ಲ ತಾರೀಖು ಹಾಕಿ ಡೈರಿಯಲ್ಲಿ ಬರೆಯತೊಡಗಿದೆ.

ಇದೇ ಕಾಳಜಿ ಕಾನೂನಿನಲ್ಲೂ ಇತ್ತು. 1952ರ ಗಣಿ ಕಾಯ್ದೆಯ 46ನೇ ಕಲಮಿನ ಪ್ರಕಾರ ಹೆಂಗಸರು ನೆಲದಡಿ ಇಳಿಯುವಂತಿರಲಿಲ್ಲ. ಮೇಲೆ ಕೂಡ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇದನ್ನು ಸಡಿಲಿಸಿತು. ತೆರೆದ ಗಣಿಯಲ್ಲಿ ರಾತ್ರಿ ಪಾಳಿಗೆ, ಭೂಗತ ಗಣಿಯಲ್ಲಿ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಕ್ಕೆ ಹಗಲು ಹೊತ್ತು ಅವಕಾಶ ಸಿಕ್ಕಿತು. ಷರತ್ತುಗಳೂ ಇದ್ದವು: ಲಿಖಿತ ಒಪ್ಪಿಗೆ ಬೇಕು, ಒಂದು ಪಾಳಿಯಲ್ಲಿ ಕನಿಷ್ಠ ಮೂವರು ಹೆಂಗಸರಿರಬೇಕು. ನಮ್ಮಲ್ಲಿ ಪಾಳಿ ಕೆಲಸಕ್ಕೆ ಇದ್ದದ್ದೇ ಇಬ್ಬರು. ಮೂರನೆಯವಳು ಸೇರುವತನಕ ಆ ಆದೇಶ ನಮಗೆ ಕಾಗದದಲ್ಲಷ್ಟೇ ಇತ್ತು.

ದಿನದಿನದ ತೊಂದರೆಗಳು ಇನ್ನೂ ಸಣ್ಣವು. ಸ್ಟೋರಿನಲ್ಲಿದ್ದ ಸುರಕ್ಷತಾ ಬೂಟುಗಳೆಲ್ಲ ಗಂಡಸರ ಅಳತೆಯವು. ಶೌಚಾಲಯ ಗುಡ್ಡದ ಬುಡದ ಆಫೀಸಿನಲ್ಲಿ; ಹೋಗಬೇಕೆಂದರೆ ಜೀಪಿಗೆ ಕಾಯಬೇಕು. ಗಿಡ ನೆಡುವ ಕೆಲಸದ ಅಕ್ಕ ಒಬ್ಬರು ಬೇಸಿಗೆಯಲ್ಲೂ ನೀರು ಮುಟ್ಟುತ್ತಿರಲಿಲ್ಲ. ಕೇಳಿದರೆ, “ಕುಡಿದ್ರ ಹೋಗಾಕ ಜಾಗ ಎಲ್ಲೈತ್ರಿ?” ಎಂದರು. ಬಾಯಿಮಾತಿನಲ್ಲಿ ಕೇಳಿದಾಗಲೆಲ್ಲ “ಆಗ್ತದ ಮೇಡಂ” ಎಂಬ ಉತ್ತರ ಬರುತ್ತಿತ್ತು.

ಗಣಿಯಲ್ಲಿ ಬರೆದದ್ದಕ್ಕಷ್ಟೇ ಬೆಲೆ. ಫೋರ್‌ಮನ್ ಪಾಳಿ ಮುಗಿಸುವಾಗ ತಾನು ಕಂಡದ್ದನ್ನು ಬರೆದು ಸಹಿ ಹಾಕುತ್ತಾನೆ; ಮುಂದಿನವನು ಅದನ್ನು ಓದಿಯೇ ಕೆಲಸ ಶುರು ಮಾಡುತ್ತಾನೆ. ನಾನೂ ಹಾಗೇ ಬರೆದುಕೊಟ್ಟೆ: ಸಡಿಲ ಬೂಟಿನಿಂದ ಬೆಂಚಿನ ಅಂಚಿನಲ್ಲಿ ಕಾಲು ಜಾರುವ ಅಪಾಯ; ನೀರು ಕುಡಿಯದೆ ತಲೆಸುತ್ತಿ ಬೀಳುವ ಅಪಾಯ. ಎರಡೂ ಸುರಕ್ಷತಾ ಸಮಿತಿಯ ನಡಾವಳಿಯಲ್ಲಿ ಸೇರಿದವು. ಮುಂದಿನ ಸಭೆಯಲ್ಲಿ “ಇದೇನಾಯ್ತು?” ಎಂದು ಕೇಳಲೇಬೇಕಾಯಿತು. ಬೂಟು ಬೇಗ ಬಂತು, ಶೌಚಾಲಯ ತಡವಾಗಿ. ‘ಹೆಂಗಸರ ಸಮಸ್ಯೆ’ ಎಂದು ಪಕ್ಕಕ್ಕಿಟ್ಟಿದ್ದನ್ನು ‘ಅಪಾಯ’ ಎಂದು ಬರೆದಾಗ ಯಾರಿಗೂ ತಳ್ಳಿಹಾಕಲಾಗಲಿಲ್ಲ.

ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ನಾನು ಹೇಳುವುದಿಷ್ಟೆ. ಡೈರಿಯನ್ನು ಅಂದಂದೇ ಬರೆದು ಮೇಲಿನವರ ಸಹಿ ಹಾಕಿಸಿಕೊಳ್ಳಿ. ಬೇಕಾದದ್ದನ್ನು ಉಪಕಾರವೆಂದು ಬೇಡದೆ, ಅಪಾಯವೆಂದು ದಾಖಲಿಸಿ. ಮತ್ತೆ, ನಿಮ್ಮ ಜೂನಿಯರ್‌ಗಳಿಗೂ ಅರ್ಜಿ ಹಾಕಲು ಹೇಳಿ. ನಾವಿಬ್ಬರೇ ಇದ್ದಿದ್ದರೆ ರಾತ್ರಿ ಪಾಳಿಯ ಅನುಭವ ನಮಗೆ ದಕ್ಕುತ್ತಲೇ ಇರಲಿಲ್ಲ.