ಕೂಸಿನ ಲಸಿಕೆ: ಹಾಕಿಸಬೇಕೋ, ಬೇಡವೋ?



ಈ ಪುಟದಲ್ಲಿ ಲಾಗಣಿ, ಗೊಬ್ಬರ, ನೀರು, ಕೂಳೆ ಬೆಳೆ ಇವುಗಳ ವಿಷಯವನ್ನು ಬರೆಯುತ್ತಿರುತ್ತೇವೆ. ಈ ಸಲದ ಪಾಠ ಮಾತ್ರ ಬೇರೆ. ಹೋದ ಹಂಗಾಮಿನಲ್ಲಿ ಮಿರಜ ತಾಲೂಕಿನ ಒಂದು ಹಳ್ಳಿಗೆ ಲಾಗಣಿಯ ನೋಂದಣಿಗಾಗಿ ಹೋಗಿದ್ದೆ. ತರುಣ ಸದಸ್ಯರೊಬ್ಬರು ಬದುವಿನ ಮೇಲೆ ನಿಂತು ಕೇಳಿದರು: "ಸಾಹೇಬರ, ಕೂಸಿಗೆ ಒಂದೂವರಿ ತಿಂಗಳದ ಸೂಜಿ ಹಾಕಿಸಿದ್ವಿ. ಎರಡ ದಿವಸ ಜ್ವರ ಬಂದು ರಾತ್ರಿಯೆಲ್ಲಾ ಅತ್ತಿತು. ಇನ್ನ ಮುಂದ ಸೂಜಿ ಬ್ಯಾಡ ಅಂತ ಅವ್ವ ಹಟ ಹಿಡದಾಳ. ಮನಿಯಾಕಿ ಹಾಕಸೂಣು ಅಂತಾಳ. ನೀವು ಕಲತವರು, ಏನ ಮಾಡೂಣ ಹೇಳ್ರಿ."

ನಾನು ಕೃಷಿ ಪದವೀಧರ, ಡಾಕ್ಟರನಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನಗೆ ಒಂದು ತಪ್ಪಿನಿಂದ ಬಂದಿದೆ. ನನ್ನ ಮಗಳಿಗೆ ಒಂಬತ್ತು ತಿಂಗಳು ತುಂಬಿದಾಗ ಕಬ್ಬು ನುರಿಸುವ ಹಂಗಾಮು ಭರದಿಂದ ನಡೆದಿತ್ತು. ಗೋವರದ ಸೂಜಿಯನ್ನು "ಹಂಗಾಮು ಮುಗಿಯಲಿ" ಎಂದು ಮುಂದೆ ಹಾಕಿದೆ. ಹನ್ನೊಂದನೆಯ ತಿಂಗಳಲ್ಲಿ ಅವಳಿಗೆ ಗೋವರ ಎದ್ದಿತು, ಅದರ ಬೆನ್ನಿಗೇ ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇರಬೇಕಾಯಿತು. ಮಗಳು ಉಳಿದಳು. ಆದರೆ ಗೊಬ್ಬರದ ಕಂತು ಎಂಟು ದಿನ ತಡವಾದರೆ ನಿಮ್ಮನ್ನು ಗದರಿಸುವ ನಾನು ನನ್ನ ಮನೆಯ ತಾರೀಖನ್ನೇ ತಪ್ಪಿಸಿದ್ದೆ. ಆದ್ದರಿಂದ ಈ ಪಾಠವನ್ನು ಬರೆಯುತ್ತಿದ್ದೇನೆ.

೧. ಲಸಿಕೆ ಮಾಡುವ ಕೆಲಸವೇನು?

ಕಬ್ಬಿಗೆ ಕಾಡಿಗೆ ರೋಗ ಬಿದ್ದ ಮೇಲೆ ಆ ಬುಡವನ್ನು ಕಿತ್ತು ಸುಡುವದಲ್ಲದೆ ಬೇರೆ ದಾರಿ ಇಲ್ಲ. ಅದಕ್ಕೆಂದೇ ನಾವು ಬೀಜದ ಕಬ್ಬಿಗೆ ಮೊದಲೇ ಉಪಚಾರ ಮಾಡುತ್ತೇವೆ. ಕೂಸಿನ ಮಾತೂ ಹಾಗೆಯೇ. ಗೋವರ, ಪೋಲಿಯೋ ಇವುಗಳ ವಿಷಾಣುವನ್ನು ಕೊಲ್ಲುವ ಔಷಧಿ ಇಂದಿಗೂ ಇಲ್ಲ. ಬಂದ ಮೇಲೆ ಶುಶ್ರೂಷೆ ಮಾಡಬಹುದು, ಅಷ್ಟೇ.

ಲಸಿಕೆಯಲ್ಲಿ ಸತ್ತ ಅಥವಾ ಬಲಗುಂದಿಸಿದ ರೋಗಾಣು, ಇಲ್ಲವೆ ಅದರ ಒಂದು ಅಂಶ ಇರುತ್ತದೆ. ಅದು ರೋಗವನ್ನು ತರುವಷ್ಟು ಬಲವುಳ್ಳದ್ದಲ್ಲ. ಆದರೆ ಕೂಸಿನ ಮೈ ಅದನ್ನು ನೋಡಿ ಗುರುತು ಹಿಡಿಯುತ್ತದೆ, ಅದರೊಡನೆ ಹೋರಾಡಲು ಕಲಿಯುತ್ತದೆ. ನಿಜವಾದ ರೋಗಾಣು ಬಂದ ದಿನ ಮೈ ಸಿದ್ಧವಾಗಿರುತ್ತದೆ.

೨. ಹಿರಿಯರ ತೋಳಿನ ಗುರುತು ನೋಡಿರಿ

ನಿಮ್ಮ ಮನೆಯ ಹಿರಿಯರ ತೋಳಿನ ಮೇಲೆ ದುಂಡಗಿನ ಕಲೆ ಇದ್ದೀತು. ಅದು ಅವರು ಚಿಕ್ಕವರಿದ್ದಾಗ ದೇವಿ ಬೇನೆಗೆ, ಅಂದರೆ ಸಿಡುಬಿಗೆ, ಹಾಕಿದ ಲಸಿಕೆಯ ಗುರುತು. ಆ ಲಸಿಕೆಯನ್ನು ತಯಾರಿಸುತ್ತಿದ್ದ ಸಂಸ್ಥೆಗಳಲ್ಲಿ ನಮ್ಮ ನೆರೆಯ ಬೆಳಗಾವಿಯ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್ ಕೂಡ ಒಂದು. ೧೯೭೫ರ ನಂತರ ಭಾರತದಲ್ಲಿ ಸಿಡುಬಿನ ರೋಗಿ ಕಂಡುಬರಲಿಲ್ಲ. ೧೯೮೦ರಲ್ಲಿ ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು. ಬೇನೆಯೇ ಇಲ್ಲವಾದ್ದರಿಂದ ನಿಮ್ಮ ಮಕ್ಕಳಿಗೆ ಆ ಲಸಿಕೆ ಬೇಕಾಗಲಿಲ್ಲ.

ಪೋಲಿಯೋ ಕೂಡ ಹೀಗೆಯೇ ಹೋಯಿತು. ನಮ್ಮ ದೇಶದಲ್ಲಿ ಪೋಲಿಯೋದ ಕೊನೆಯ ಕಾಡು ವಿಷಾಣುವಿನ ರೋಗಿ ೨೦೧೧ರ ಜನವರಿಯಲ್ಲಿ ಪಶ್ಚಿಮ ಬಂಗಾಲದಲ್ಲಿ ಕಂಡಿತು. ೨೦೧೪ರ ಮಾರ್ಚ ೨೭ರಂದು ಭಾರತಕ್ಕೆ ಪೋಲಿಯೋ ಮುಕ್ತಿಯ ಪ್ರಮಾಣಪತ್ರ ಸಿಕ್ಕಿತು. ಆದರೆ ಪೋಲಿಯೋ ನೆರೆಯ ದೇಶಗಳಲ್ಲಿ ಪೂರ್ತಿ ಅಳಿದಿಲ್ಲ. ಆದ್ದರಿಂದ ಹನಿಯನ್ನು ಬಿಡುವಂತಿಲ್ಲ.

೩. "ಸೂಜಿ ಹಾಕಿಸಿದರೆ ಜ್ವರ ಬರುತ್ತದಲ್ಲ?"

ಬರಬಹುದು. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಒಂದೆರಡು ದಿನ ಜ್ವರ, ಸೂಜಿ ಚುಚ್ಚಿದಲ್ಲಿ ಬಾವು, ನೋವು, ಅಳು ಇವು ಸಾಮಾನ್ಯ. ಮೈ ಪಾಠ ಕಲಿಯುತ್ತಿರುವ ಲಕ್ಷಣವಿದು. ಎದೆಹಾಲು ನಿಲ್ಲಿಸಬಾರದು. ಜ್ವರದ ಔಷಧಿಯನ್ನು ಕೂಸಿನ ತೂಕಕ್ಕೆ ತಕ್ಕಂತೆ, ನರ್ಸಬಾಯಿ ಹೇಳಿದಷ್ಟೇ ಕೊಡಬೇಕು. ಬಾವಿನ ಮೇಲೆ ಎಣ್ಣೆ, ಅರಿಷಿಣ ಹಚ್ಚಿ ತಿಕ್ಕಬಾರದು. ಹುಟ್ಟಿದಾಗ ಎಡತೋಳಿಗೆ ಹಾಕುವ ಬಿ.ಸಿ.ಜಿ. ಸೂಜಿಯ ಜಾಗದಲ್ಲಿ ಕೆಲವು ವಾರಗಳ ಮೇಲೆ ಗುಳ್ಳೆ ಎದ್ದು, ಒಡೆದು, ತಾನೇ ಮಾಯುತ್ತದೆ. ಅದಕ್ಕೂ ಅಂಜಬೇಕಾಗಿಲ್ಲ.

ತೀವ್ರ ಅಲರ್ಜಿ ಬಲು ಅಪರೂಪ, ಹತ್ತು ಲಕ್ಷ ಡೋಸಿಗೆ ಸುಮಾರು ಒಂದರಂತೆ. ಬಂದರೆ ಬಹುಶಃ ಕೆಲ ನಿಮಿಷಗಳಲ್ಲಿಯೇ ಬರುತ್ತದೆ, ಅದಕ್ಕೆ ಉಪಚಾರವೂ ಇದೆ. ಅದಕ್ಕಾಗಿಯೇ ಸೂಜಿಯ ನಂತರ ಅರ್ಧ ತಾಸು ಅಲ್ಲಿಯೇ ಕೂಡ್ರಬೇಕು. ಮನೆಗೆ ಬಂದ ಮೇಲೆ ಉಸಿರಾಟಕ್ಕೆ ತೊಂದರೆ, ಸೆಳವು, ಮೈ ಸಡಿಲಾಗುವದು, ಮೂರು ತಾಸಿಗೂ ಮಿಕ್ಕಿ ನಿಲ್ಲದ ಅಳು ಕಂಡರೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಹಿಂದಿನ ಸೂಜಿಗೆ ಇಂಥ ತೊಂದರೆ ಆಗಿದ್ದರೆ, ಅಥವಾ ಕೂಸಿಗೆ ದೊಡ್ಡ ಕಾಯಿಲೆ ಇದ್ದರೆ, ಡಾಕ್ಟರರಿಗೆ ಮೊದಲೇ ಹೇಳಿರಿ. ನೆಗಡಿ, ಸಣ್ಣ ಕೆಮ್ಮು, ಸ್ವಲ್ಪ ಮೈಬಿಸಿ ಇವು ಸೂಜಿ ಬಿಡಲು ಕಾರಣಗಳಲ್ಲ.

ಮೊಬೈಲಿನಲ್ಲಿ ಬರುವ ಸುದ್ದಿಗಳ ಬಗ್ಗೆ ಒಂದು ಮಾತು. ಗೋವರದ ಲಸಿಕೆಯಿಂದ ಮಕ್ಕಳ ಬುದ್ಧಿ ಕೆಡುತ್ತದೆಂಬ ಸುದ್ದಿಗೆ ೧೯೯೮ರಲ್ಲಿ ಇಂಗ್ಲಂಡದಲ್ಲಿ ಅಚ್ಚಾದ ಒಂದು ಲೇಖನ ಮೂಲ. ಅದು ತಪ್ಪೆಂದು ಕಂಡುಬಂದು, ೨೦೧೦ರಲ್ಲಿ ಆ ಪತ್ರಿಕೆಯೇ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡಿತು. ಸುದ್ದಿ ಮಾತ್ರ ಇನ್ನೂ ತಿರುಗುತ್ತಿದೆ.

೪. "ಒಂದು ಸಲ ಹಾಕಿಸಿದ್ದು ಸಾಲದೆ?"

ಸಾಲದು. ಲಾಗಣಿಯಲ್ಲಿ ಎಲ್ಲ ಕಣ್ಣೂ ಹುಟ್ಟುವದಿಲ್ಲ. ಹುಟ್ಟದ ಜಾಗೆಗಳಲ್ಲಿ ನಾವು ಸಸಿ ಹಚ್ಚಿ ತುಂಬುತ್ತೇವೆ. ಒಂಬತ್ತನೆಯ ತಿಂಗಳ ಗೋವರದ ಸೂಜಿಯಿಂದ ನೂರರಲ್ಲಿ ಸುಮಾರು ೮೫ ಮಕ್ಕಳಿಗೆ ರಕ್ಷಣೆ ಬರುತ್ತದೆ. ಉಳಿದವರಲ್ಲಿ ಬಹುತೇಕರಿಗೆ ಎರಡನೆಯ ಸೂಜಿಯಿಂದ ಬರುತ್ತದೆ. ಯಾವ ಮಗುವಿಗೆ ಬಂದಿಲ್ಲವೆಂಬದು ಹೊರಗಿನಿಂದ ಕಾಣುವದಿಲ್ಲವಾದ್ದರಿಂದ ಎಲ್ಲರಿಗೂ ಎರಡನೆಯದನ್ನು ಹಾಕುತ್ತಾರೆ.

ಗೋವರ ಬಲು ಬೇಗ ಹಬ್ಬುವ ಬೇನೆ. ರಕ್ಷಣೆ ಇಲ್ಲದವರ ನಡುವೆ ಒಬ್ಬ ರೋಗಿಯಿಂದ ೧೨ರಿಂದ ೧೮ ಜನರಿಗೆ ಹತ್ತಬಲ್ಲದು. ರೋಗಿ ಎದ್ದು ಹೋದ ಕೋಣೆಯ ಗಾಳಿಯಲ್ಲಿ ಎರಡು ತಾಸಿನವರೆಗೂ ಅದರ ವಿಷಾಣು ಇರಬಲ್ಲದು. ಊರಿನ ನೂರು ಮಕ್ಕಳಲ್ಲಿ ೯೫ ಮಕ್ಕಳಿಗೆ ಎರಡೂ ಸೂಜಿ ಆಗಿದ್ದರೆ ಮಾತ್ರ ಅದು ಹಬ್ಬದೆ ನಿಲ್ಲುತ್ತದೆ. ೨೦೨೨ರ ಕೊನೆಯಲ್ಲಿ ಮುಂಬಯಿಯ ಗೋವಂಡಿ ಭಾಗದಲ್ಲಿ ಗೋವರ ಹಬ್ಬಿ ಮಕ್ಕಳು ತೀರಿಕೊಂಡವು. ಸೂಜಿ ಆಗದ ಮಕ್ಕಳು ಹೆಚ್ಚಾದಲ್ಲಿ ಅದು ಹೀಗೆ ಮರಳಿ ಬರುತ್ತದೆ.

೫. ತಾರೀಖುಗಳು

ಹುಟ್ಟಿದಾಗ: ಬಿ.ಸಿ.ಜಿ. (ಕ್ಷಯಕ್ಕೆ), ಪೋಲಿಯೋ ಹನಿ, ಹೆಪಟೈಟಿಸ್-ಬಿ ಕಾಮಾಲೆಯ ಸೂಜಿ. ಕಾಮಾಲೆಯ ಸೂಜಿ ೨೪ ತಾಸಿನೊಳಗೆ ಆಗಬೇಕು.

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ: ಪೆಂಟಾ, ಪೋಲಿಯೋ ಹನಿ, ವಾಂತಿ-ಭೇದಿಯ ರೋಟಾ ಲಸಿಕೆ. ಪೆಂಟಾ ಒಂದೇ ಸೂಜಿಯಾದರೂ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆ, ಹಿಬ್ ಎಂಬ ಐದನ್ನು ತಡೆಯುತ್ತದೆ. ಮೊದಲನೆಯ ಮತ್ತು ಮೂರನೆಯ ಸಲ ಪೋಲಿಯೋ ಸೂಜಿ, ನ್ಯುಮೋನಿಯಾದ ಪಿ.ಸಿ.ವಿ. ಸೂಜಿಗಳೂ ಇರುತ್ತವೆ.

ಒಂಬತ್ತು ತಿಂಗಳು ತುಂಬಿದ ಮೇಲೆ: ಗೋವರ-ರುಬೆಲ್ಲಾದ ಮೊದಲ ಸೂಜಿ, ಪಿ.ಸಿ.ವಿ., ಪೋಲಿಯೋದ ಮೂರನೆಯ ಸೂಜಿ, ಎ ಜೀವಸತ್ವದ ಹನಿ.

೧೬ರಿಂದ ೨೪ ತಿಂಗಳೊಳಗೆ: ಗೋವರ-ರುಬೆಲ್ಲಾದ ಎರಡನೆಯ ಸೂಜಿ, ತ್ರಿಗುಣಿಯ ಬೂಸ್ಟರ್, ಪೋಲಿಯೋ ಹನಿ.

ಇವೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರಕಾರಿ ದವಾಖಾನೆಗಳಲ್ಲಿ ಪುಕ್ಕಟೆ. ನಡುವೆ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಆದರೆ ತಡವಾದಷ್ಟು ದಿನ ಕೂಸು ಬರಿಮೈಯಲ್ಲಿ ಇದ್ದಂತೆ.

೬. ತವರುಮನೆಯ ಕೂಸು, ಟೋಳಿಯ ಕೂಸು

ನಮ್ಮ ಕಡೆ ಚೊಚ್ಚಲು ಬಾಣಂತನ ತವರಿನಲ್ಲಿ. ಸೊಸೆ ಅಥಣಿಯಲ್ಲಿಯೋ ಚಿಕ್ಕೋಡಿಯಲ್ಲಿಯೋ ಹೆತ್ತು, ಕೂಸನ್ನು ಕರೆದುಕೊಂಡು ಮಿರಜಕ್ಕೆ ಬರುತ್ತಾಳೆ. ಕಾರ್ಡು ತವರಿನ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ, ನಡುವಿನ ಒಂದು ಸೂಜಿಯೂ ತಪ್ಪುತ್ತದೆ. ಕನ್ನಡ ಕಾರ್ಡನ್ನು ಮಹಾರಾಷ್ಟ್ರದಲ್ಲಿ ನಡೆಸುವದಿಲ್ಲವೆಂದು ತಿಳಿಯಬೇಡಿರಿ. ದೇಶಕ್ಕೆಲ್ಲ ತಾರೀಖಿನ ಪಟ್ಟಿ ಒಂದೇ. ತೊಟ್ಟಿಲ ಜೊತೆಗೆ ಕಾರ್ಡನ್ನೂ ತನ್ನಿರಿ.

ಇನ್ನೊಂದು ವಿನಂತಿ. ನಿಮ್ಮ ಕಬ್ಬನ್ನು ಕಡಿಯಲು ಬೀಡದಿಂದ, ವಿಜಾಪುರದ ಕಡೆಯಿಂದ ಬರುವ ಟೋಳಿಗಳಲ್ಲಿ ಎಳೆಗೂಸುಗಳೂ ಇರುತ್ತವೆ. ಐದಾರು ತಿಂಗಳು ಊರು ಬಿಟ್ಟಿರುವದರಿಂದ ಅವುಗಳ ತಾರೀಖು ತಪ್ಪುವದೇ ಹೆಚ್ಚು. ಟೋಳಿ ನಿಮ್ಮ ಹೊಲಕ್ಕೆ ಬಂದ ದಿನ ಮುಕಾದಮನಿಗೆ ಕೇಳಿ, ಎಷ್ಟು ಕೂಸುಗಳಿವೆಯೆಂದು ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಅವರ ಗುಡಿಸಲಿನಲ್ಲಿ ಎದ್ದ ಗೋವರ ನಿಮ್ಮ ತೊಟ್ಟಿಲಿಗೂ ಬರಬಲ್ಲದು. ಅದಿರಲಿ, ನಮ್ಮ ಕಬ್ಬಿಗಾಗಿ ಬಂದವರ ಮಕ್ಕಳು ಅವು.

ಆ ತರುಣ ಸದಸ್ಯರಿಗೆ ಅಂದು ನಾನು ಹೇಳಿದ್ದು ಇಷ್ಟೇ: "ಅವ್ವನವರ ಮ್ಯಾಲ ಸಿಟ್ಟಾಗಬ್ಯಾಡ್ರಿ. ಕೂಸು ಅತ್ತದ್ದನ್ನ ನೋಡಿ ಅವರ ಹೊಟ್ಟಿ ಸುಟ್ಟದ. ಅವರನ್ನೂ ಕರಕೊಂಡು ನರ್ಸಬಾಯಿ ಕಡೆ ಹೋಗ್ರಿ, ಅವರ ಪ್ರಶ್ನೆ ಅವರೇ ಕೇಳಲಿ." ಮುಂದಿನ ಲಸಿಕೆಯ ದಿನ ಮೂವರೂ ಹೋದರು. ಎರಡೂವರೆ ತಿಂಗಳ ಸೂಜಿ ಮೂರು ವಾರ ತಡವಾಗಿ ಆಯಿತು. ಆ ರಾತ್ರಿಯೂ ಜ್ವರ ಬಂದಿತಂತೆ. ಆದರೆ ಬರುವದೆಂದು ಅಜ್ಜಿಗೆ ಮೊದಲೇ ಗೊತ್ತಿತ್ತು.

ಸದಸ್ಯ ಬಾಂಧವರೆ, ಕಬ್ಬಿಗೆ ಒಂದು ವರ್ಷ ಕೆಟ್ಟರೆ ಮುಂದಿನ ವರ್ಷವಿದೆ. ಇಂದು ಸಂಜೆ ಮನೆಗೆ ಹೋದೊಡನೆ ಕೂಸಿನ ಕಾರ್ಡನ್ನು ತೆಗೆದು ನೋಡಿರಿ. ಖಾಲಿ ಉಳಿದ ಮನೆ ಇದ್ದರೆ ಬರುವ ಲಸಿಕೆಯ ದಿನ ತಪ್ಪದೆ ಹೋಗಿರಿ.

— ಕಬ್ಬು ಅಭಿವೃದ್ಧಿ ಅಧಿಕಾರಿ