ಬಾಣಂತಿಯ ಜೊತೆ ನಾವೆಲ್ಲ

ಬಾಣಂತಿಗೆ ನೀರು ಕಾಯಿಸುತ್ತೇವೆ. ಬಿಸಿ ಊಟ ಕೊಡುತ್ತೇವೆ. ತಲೆಗೆ ಬಟ್ಟೆ ಕಟ್ಟುತ್ತೇವೆ. ಅವಳ ಮನಸ್ಸಿಗೆ ಕಾಯಿಲೆ ಬಂದರೆ ಏನು ಮಾಡುತ್ತೇವೆ?

ವಿರೂಪಾಕ್ಷಿಪುರದ ಒಂದು ಮನೆ ಎಂದುಕೊಳ್ಳೋಣ. ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಹೆರಿಗೆಯಾಗಿ ಎಂಟು ದಿನ. ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಒಬ್ಬಳೇ ಮಾತಾಡುತ್ತಾಳೆ. "ಇದು ನನ್ನ ಮಗು ಅಲ್ಲ" ಅನ್ನುತ್ತಾಳೆ.

"ಗಾಳಿ ಸೋಕೈತೆ. ತಾಯತ ಕಟ್ಟಿಸಿ" ಅಂದರು ನೋಡಲು ಬಂದ ಅತ್ತೆ.

"ನೀವು ಬೈದು ಬೈದೇ ಹಿಂಗಾಯ್ತು ಬೀಗಿತ್ತಿ" ಅಂದರು ತಾಯಿ.

ಜಗಳದಲ್ಲೇ ಎರಡು ದಿನ ಕಳೆಯಿತು.

ಆಶಾ ಅಕ್ಕ ಬಂದು ನೋಡಿದರು. "ಇದು ಯಾರ ತಪ್ಪೂ ಅಲ್ಲ ಕಣವ್ವ. ಹಿರಿಯರು ಬಾಣಂತಿ ಸನ್ನಿ ಅಂತಿದ್ರಲ್ಲ, ಅದೇ ಇರಬಹುದು. ಅದು ಕಾಯಿಲೆ. ಔಷಧಿಯಿಂದ ವಾಸಿಯಾಗ್ತದೆ. ಇವತ್ತೇ ಆಸ್ಪತ್ರೆಗೆ ಹೊರಡಿ. ಅಲ್ಲೀವರೆಗೆ ತಾಯಿ ಮಗು ಇಬ್ಬರನ್ನೇ ಬಿಡಬೇಡಿ" ಅಂದರು.

ಅಕ್ಕ ಹೇಳಿದ್ದು ಸರಿ. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಈ ಕಾಯಿಲೆ ಬರುತ್ತದೆ. ಹೆರಿಗೆಯಾದ ಎರಡು ವಾರದೊಳಗೇ ಹೆಚ್ಚು. ತಡ ಮಾಡಿದರೆ ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಅಪಾಯ.

ಚನ್ನಪಟ್ಟಣದಿಂದ ಬೆಂಗಳೂರು ಸುಮಾರು 60 ಕಿಲೋಮೀಟರ್. ಅಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ. 2009ರಲ್ಲಿ ಅಲ್ಲಿ ತಾಯಿ-ಮಗುವಿನ ವಾರ್ಡು ಶುರುವಾಯಿತು. ಆಗ ಇದ್ದದ್ದು ಐದು ಹಾಸಿಗೆ. ತಾಯಿಯ ಜೊತೆಗೇ ಮಗುವೂ ಇರುತ್ತದೆ. ಮನೆಯ ಒಬ್ಬ ಹೆಂಗಸೂ ಉಳಿಯುತ್ತಾರೆ.

ಅಲ್ಲಿ ಒಬ್ಬರಿಂದಲೇ ಕೆಲಸ ಆಗುವುದಿಲ್ಲ. ಡಾಕ್ಟರು ಔಷಧಿ ಕೊಡುತ್ತಾರೆ. ಎದೆಹಾಲು ಕೊಡಬಹುದೇ ಎಂದು ನೋಡಿ ಹೇಳುತ್ತಾರೆ. ನರ್ಸ್ ಹಗಲು ರಾತ್ರಿ ಗಮನಿಸುತ್ತಾರೆ. ಸಮಾಜ ಕಾರ್ಯಕರ್ತೆ ಮನೆಯವರ ಜೊತೆ ಮಾತಾಡುತ್ತಾರೆ. ಜೊತೆಗಿರುವ ತಾಯಿ ಅಥವಾ ಅತ್ತೆಯೂ ಈ ತಂಡದವರೇ.

ಅವರ ಕೆಲಸ ಏನು? ರಾತ್ರಿ ಮಗು ಅತ್ತರೆ ಎತ್ತಿಕೊಳ್ಳುವುದು. ಬಾಣಂತಿಗೆ ನಿದ್ದೆ ಮಾಡಲು ಬಿಡುವುದು. ಕಂಡದ್ದನ್ನು ಮುಚ್ಚಿಡದೆ ನರ್ಸ್‌ಗೆ ಹೇಳುವುದು. ಅವಳು ಚೇತರಿಸಿಕೊಂಡಂತೆ ಮಗುವನ್ನು ಅವಳ ಕೈಗೆ ಕೊಡುವುದು. "ನಿಂಗೆ ಬರಲ್ಲ, ತಾ ಇಲ್ಲಿ" ಎಂದು ಕಿತ್ತುಕೊಂಡರೆ ಅವಳ ಧೈರ್ಯ ಕುಗ್ಗುತ್ತದೆ. "ನೀನು ಎತ್ತಿಕೊ, ನಾನು ಪಕ್ಕದಲ್ಲೇ ಇದ್ದೀನಿ" ಅಂದರೆ ಧೈರ್ಯ ಬರುತ್ತದೆ.

ತಂಡದಲ್ಲಿ ಒಬ್ಬೊಬ್ಬರು ಒಂದೊಂದು ಹೇಳಬಾರದು. ನರ್ಸ್ "ಮಾತ್ರೆ ನುಂಗಮ್ಮ" ಅಂದಾಗ ಮನೆಯವರು "ಬೇಡ ಬಿಡು" ಅಂದರೆ ಬಾಣಂತಿ ಯಾರ ಮಾತು ಕೇಳಬೇಕು? ಅನುಮಾನ ಇದ್ದರೆ ಡಾಕ್ಟರನ್ನೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕಾನೂನೂ ಬಾಣಂತಿಯ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ನೋಡಿ. ತಾಯಿ ಆಸ್ಪತ್ರೆಯಲ್ಲಿದ್ದಾಗ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ಬೇರೆ ಮಾಡಬಾರದು. ಮಗುವಿಗೆ ಅಪಾಯ ಇದ್ದರೆ ಮಾತ್ರ ಸ್ವಲ್ಪ ಕಾಲ ದೂರ ಇಡಬಹುದು. ಆಗಲೂ ಬೇರೆಯವರ ಎದುರಿನಲ್ಲಿ ತಾಯಿ ಮಗುವನ್ನು ನೋಡಬಹುದು.

ದಾರಿ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಓದಿ, ಮಾತಾಡಿ

1. ಈ ಮನೆಯಲ್ಲಿ ಎರಡು ದಿನ ಯಾಕೆ ಹಾಳಾಯಿತು?
2. ವಾರ್ಡಿನ ತಂಡದಲ್ಲಿ ಯಾರು ಯಾರು ಇದ್ದಾರೆ?
3. ನಿಮ್ಮ ಬೀದಿಯಲ್ಲಿ ಬಾಣಂತಿ ಇದ್ದಾಳೆಯೇ? ಮಗುವನ್ನು ವಿಚಾರಿಸುತ್ತೀರಿ. ಅವಳನ್ನೂ ಕೇಳಿ: "ರಾತ್ರಿ ನಿದ್ದೆ ಬಂತೇನವ್ವ?"